ಇಕ್ಕಳದ ಮೇಲಿನ ಕುಂಕುಮ

ಮೊನ್ನೆ ನವರಾತ್ರಿಯಲ್ಲಿ ಕೊಡಿಗೇಹಳ್ಳಿಯ ನಮ್ಮ ಮನೆಯ ಎದುರು ಫ್ಲಾಟಿನವರು ಬಾಗಿಲಿಗೆ ವಾರ್ನಿಷ್ ಹೊಡೆಸಿದರು. ಅದೇ ಹೊತ್ತಿಗೆ ಹೂವಿನವಳು ಸೇವಂತಿಗೆಯ ಬುಟ್ಟಿಯನ್ನು ತಂದು ಮೆಟ್ಟಿಲ ಮೇಲೆ ಇಳಿಸಿದಳು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಗೋಡೆ ಹಿಡಿದು ನಿಂತುಬಿಟ್ಟೆ. ಎದುರು ಮನೆಯ ಹುಡುಗಿ ಓಡಿಬಂದು, "ಆಂಟಿ, ಬಿಪಿ ಮಾತ್ರೆ ತಗೊಂಡಿಲ್ವಾ?" ಎಂದಳು. ಆ ಮಾತ್ರೆಯಿಂದ ಇಳಿಯುವ ದಿಗಿಲು ಇದಲ್ಲ ಎಂದು ಆಕೆಗೆ ಹೇಗೆ ಹೇಳಲಿ? ತಗೊಂಡೀನಿ ಎಂದು ಹೇಳಿ ಒಳಗೆ ಬಂದು ಕೂತೆ. ಇವರು ಪೇಪರ್ ಓದುತ್ತಾ ಕೂತಿದ್ದರು. ಇವರಿಗೂ ವಾಸನೆ ಬಂದಿತ್ತು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನಾನು ಹುಟ್ಟಾ ಪುಕ್ಕಲಿ. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ಗದಗಿನ ಕಡೆಯ ನಮ್ಮ ಊರಿನಲ್ಲಿ ಬಾವಿಯೊಳಗೆ ಇಣುಕಿ ನೋಡುವುದಕ್ಕೂ ಅಂಜುತ್ತಿದ್ದೆ. ಅಂಥವಳಿಗೆ ನಮ್ಮಪ್ಪ ಹುಡುಕಿ ತಂದ ಗಂಡು, ಬೆಂಗಳೂರಿನಲ್ಲಿ ರಜೆಯ ದಿನ ಹಾಯಿದೋಣಿ ನಡೆಸುವ ಮನುಷ್ಯ. ಮದುವೆಗೆ ಮುಂಚೆ ಅದನ್ನು ಯಾರೂ ಹೇಳಿರಲಿಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಹೆಸರು ಗುರುಪಾದಪ್ಪ ಎಂದಷ್ಟೇ ಹೇಳಿದ್ದರು.

ದೋಣಿ ಇವರೊಬ್ಬರದ್ದಲ್ಲ. ಇವರ ಜೊತೆ ಕೆಲಸ ಮಾಡುತ್ತಿದ್ದ ಖಾದರ್‌ಭಾಯ್ ಅವರದ್ದೂ ಹೌದು. ಖಾದರ್‌ಭಾಯ್ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವ ಬಡಗಿ, ಮನೆ ಆರ್.ಟಿ. ನಗರದಲ್ಲಿ. ಅವರ ಬೀದಿಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಒಬ್ಬರು ಮುದುಕರಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅವರು ತಮ್ಮ ಹಳೆಯ ಮರದ ದೋಣಿಯನ್ನು, ನಡೆಸುವ ವಿದ್ಯೆಯ ಸಮೇತ, ಈ ಇಬ್ಬರಿಗೂ ದಾನ ಮಾಡಿ ಮಗಳ ಊರಿಗೆ ಹೊರಟುಹೋದರು. ಖಾದರ್‌ಭಾಯ್ ಅದಕ್ಕೆ ಶಹಜಾದಿ ಎಂದು ಹೆಸರಿಟ್ಟರು. ಬಣ್ಣ ಕಿತ್ತು, ಒಂದು ಕಡೆ ವಾಲಿಕೊಂಡು, ಹೆಬ್ಬಾಳ ಕೆರೆಯ ಏರಿಯ ಕೆಳಗೆ ಹೊಂಗೆ ಮರದ ನೆರಳಲ್ಲಿ ಬಿದ್ದಿರುತ್ತಿದ್ದಳು ಆ ರಾಜಕುಮಾರಿ. ಆಗ ಮತ್ತಿಕೆರೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಒಡತಿ ಮುನಿಯಮ್ಮನವರು, "ಏನವ್ವಾ, ನಿನ್ ಗಂಡ ಬಾನ್ವಾರ ಆದ್ರೆ ಸಾಕು, ನಿನ್ ಸವ್ತಿ ಮನೆಗೋಯ್ತಾನೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದು ಆ ವರ್ಷದ ಆಷಾಢದವರೆಗಿನ ಮಾತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು. ನಾನು ಮೊದಲ ಬಾರಿಗೆ ಬಸುರಿ. ಬೆಂಗಳೂರಿನ ಆಷಾಢದ ಗಾಳಿ ಹೇಗಿರುತ್ತದೆಂದು ಇಲ್ಲಿ ಬಾಳಿದವರಿಗೆ ಗೊತ್ತು. ತಂತಿಯ ಮೇಲೆ ಒಣಗಲು ಹಾಕಿದ ಸೀರೆ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಅಂಥ ಗಾಳಿಯಲ್ಲಿ ಇವರಿಬ್ಬರೂ ದೋಣಿ ಬಿಟ್ಟಿದ್ದಾರೆ.

ಬೂಮು ಎಂದರೆ ಏನೆಂದು ಇಲ್ಲೇ ಹೇಳಿಬಿಡಬೇಕು. ಹಾಯಿದೋಣಿಯ ನಡುವೆ ಒಂದು ಕಂಬ ನೆಟ್ಟಿರುತ್ತಾರಲ್ಲ, ಆ ಕಂಬಕ್ಕೆ ಅಡ್ಡವಾಗಿ, ದೋಣಿಯಲ್ಲಿ ಕೂತವರ ತಲೆಯ ಮಟ್ಟಕ್ಕೆ, ಒಂದು ಮರದ ಗಳು ಸೇರಿಸಿರುತ್ತಾರೆ. ಹಾಯಿಯ ಕೆಳಅಂಚನ್ನು ಅದಕ್ಕೆ ಬಿಗಿದಿರುತ್ತಾರೆ. ಅದೇ ಬೂಮು. ಒಂದು ತುದಿ ಕಂಬದ ಕೀಲಿಗೆ, ಇನ್ನೊಂದು ತುದಿ ಹಗ್ಗಕ್ಕೆ. ಬಾಗಿಲು ತಿರುಗಿದ ಹಾಗೆ ಅದು ಗಾಳಿ ಬಂದ ಕಡೆಗೆ ತಿರುಗುತ್ತದೆ. ಗಾಳಿ ಬೆನ್ನ ಹಿಂದಿನಿಂದ ಬೀಸುವಾಗ ದೋಣಿಯ ದಿಕ್ಕು ತುಸು ತಪ್ಪಿತೋ, ಆ ಗಳು ಆ ಬದಿಯಿಂದ ಈ ಬದಿಗೆ ಒಂದೇ ಏಟಿಗೆ ಬೀಸಿಬಿಡುತ್ತದೆ. ನಡುವೆ ಯಾರ ತಲೆ ಇದ್ದರೂ ಅದಕ್ಕೆ ಲೆಕ್ಕವಿಲ್ಲ.

ಆವತ್ತು ನಡುವೆ ಇದ್ದದ್ದು ಇವರ ತಲೆ. ಎಡಗಿವಿಯ ಹಿಂದೆ ಪೆಟ್ಟು ಬಿತ್ತು. ಬೂಮು ಅಷ್ಟಕ್ಕೆ ನಿಲ್ಲದೆ ದೋಣಿಯ ಕಂಬವನ್ನು ಎಳೆದು ಕಟ್ಟಿದ್ದ ತಂತಿಗೂ ಬಡಿದು, ಕಂಬದ ಹತ್ತಿರ ಉದ್ದಕ್ಕೆ ಸೀಳಿಹೋಯಿತು. ಇವರ ತಲೆಯಿಂದಲೇ ಬೂಮು ಮುರಿಯಿತು ಎಂದು ಖಾದರ್‌ಭಾಯ್ ಆಮೇಲೆ ತಮಾಷೆ ಮಾಡಿದರು. ಆದರೆ ಇವರನ್ನು ಹೆಗಲ ಮೇಲೆ ಹೊತ್ತುಕೊಂಡು ಏರಿ ಹತ್ತಿದಾಗ ಅವರೂ ಅಳುತ್ತಿದ್ದರೆಂದು ಕಂಡವರು ಹೇಳಿದರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಇವರ ಎಡಗಿವಿ ಕೇಳುತ್ತಿರಲಿಲ್ಲ. ಡಾಕ್ಟರು ನನ್ನನ್ನು ಒಂದು ಪಕ್ಕಕ್ಕೆ ಕರೆದು, "ಈ ಸಲ ಉಳ್ಕೊಂಡ್ರು ಅಂದ್ಕೊಳ್ಳಿ. ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ರೆ ನಾನೇನೂ ಹೇಳಕ್ಕಾಗಲ್ಲಮ್ಮ" ಎಂದರು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸಿನ ಸಲುವಾಗಿ ತುರುಕಿಕೊಳ್ಳುತ್ತಿದ್ದೆ.

ಇನ್ನು ದೋಣಿಯ ಪೀಡೆ ಕಳೆಯಿತು ಎಂದುಕೊಂಡಿದ್ದೆ. ಗಾಯ ಮಾಯುವಷ್ಟರಲ್ಲಿ ಖಾದರ್‌ಭಾಯ್ ಸೈಕಲ್ಲಿಗೆ ಎರಡು ಹಲಗೆ ಕಟ್ಟಿಕೊಂಡು ಬಾಗಿಲಿಗೆ ಬಂದರು. ಹೊರದೇಶದಿಂದ ಮೆಷಿನ್ನು ತುಂಬಿಕೊಂಡು ಬಂದ ಪೆಟ್ಟಿಗೆಗಳ ಪೈನ್ ಮರ. ನಮ್ಮ ಕಡೆಯ ಕಾರ್ಖಾನೆಯವರ ಮನೆಗಳಲ್ಲಿ ಆ ಪ್ಯಾಕಿಂಗ್ ಮರದ ಮಂಚವೋ ಸ್ಟೂಲೋ ಇಲ್ಲದ ಮನೆಯೇ ಇರಲಿಲ್ಲ.

"ಭಾಭಿ, ಇದು ನೋಡಿ, ಹೂವಿನ ಹಂಗಿದೆ, ಹಗುರ. ಹಳೇ ಬೂಮು ಸಾಗುವಾನಿ, ಕಬ್ಬಿಣ ಇದ್ದಂಗಿತ್ತು. ಇದ್ರಲ್ಲಿ ಹೊಸದು ಮಾಡ್ತೀವಿ. ಇದು ತಗುಲಿದ್ರೂ ಅಷ್ಟೊಂದು ಪೆಟ್ಟಾಗಲ್ಲ."

"ತಗುಲೂದು ಅಂತೀರಲ್ಲ ಅಣ್ಣಾ, ನಿಮಗ ಮನಸ್ಸಾದರೂ ಹ್ಯಾಂಗ ಬರತೈತಿ?" ಎಂದು ನಾನು ಅಲ್ಲೇ ಅತ್ತೆ. ಇವರು ಹಲಗೆಯನ್ನು ಕೈಯಿಂದ ಸವರುತ್ತಾ ನಿಂತಿದ್ದರು.

ಕಾರ್ಖಾನೆಯೊಳಗೆ ಸ್ವಂತದ ಕೆಲಸ ಮಾಡುವಂತಿರಲಿಲ್ಲ. ಖಾದರ್‌ಭಾಯ್ ಮನೆಯಲ್ಲಿ ತಂಗಿಯ ಮದುವೆಯ ಗಲಾಟೆ. ಹಾಗಾಗಿ ಬೂಮು ತಯಾರಾದದ್ದು ನಮ್ಮ ಮನೆಯೊಳಗೆ. ಮನೆ ಎಂದರೆ ಒಂದು ಅಡುಗೆಮನೆ, ಒಂದು ಕೋಣೆ. ಒಂದೊಂದು ಹಲಗೆಯೂ ಬೂಮಿನ ಉದ್ದಕ್ಕೆ ಸಾಲದೆ, ಎರಡರ ತುದಿಗಳನ್ನೂ ಉದ್ದನೆಯ ಓರೆಯಾಗಿ ಸವರಿ, ಒಂದರ ಮೇಲೊಂದು ಕೂರಿಸಿ, ಅಂಟು ಹಾಕಿ, ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿದರು. ಅಂಟು ಹಿಡಿಯುವ ತನಕ ಅದನ್ನು ಅಲುಗಿಸಬಾರದು. ಅದರ ಒಂದು ತುದಿ ಒಲೆಯ ಕಟ್ಟೆಯ ಪಕ್ಕ, ಇನ್ನೊಂದು ತುದಿ ಕೋಣೆಯ ಕಿಟಕಿಯ ಹೊರಗೆ. ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಸ್ಟೂಲುಗಳ ಮೇಲೆ ಮಲಗಿತ್ತು.

ನಾನು ಅದನ್ನು ದಾಟಿ ಓಡಾಡುವುದನ್ನು ನೋಡಿ ಮುನಿಯಮ್ಮ ಹೌಹಾರಿದರು. "ಅಯ್ಯೋ ಶಾಂತವ್ವಾ, ಬಸ್ರಿ ಎಂಗ್ಸು ಇಂಗೆಲ್ಲ ಗಳ ದಾಟ್ಬಾರ್ದು ಕಣವ್ವ! ನಮ್ಮ ಇತ್ಲಾಗಿಂದ ಬಳಸ್ಕೊಂಡು ಓಗು." ಅವತ್ತಿನಿಂದ ನಾನು ಅಡುಗೆಮನೆಯಿಂದ ಕೋಣೆಗೆ ಹೋಗಬೇಕಾದರೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಮುನಿಯಮ್ಮನವರ ಎಮ್ಮೆಯನ್ನು ಬಳಸಿಕೊಂಡು, ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಸಾರಿನ ಪಾತ್ರೆ ಹಿಡಿದು, ತಲೆಗೆ ಸೆರಗು ಹೊದ್ದು, ನನ್ನ ಮನೆಗೆ ನಾನೇ ನೆಂಟಳಂತೆ ಬರುತ್ತಿದ್ದೆ. ಈಗ ನಗು ಬರುತ್ತದೆ. ಆಗ ಆ ಗಳವನ್ನು ಕಂಡರೆ, ಗಂಡನ ತಲೆ ಒಡೆದ ವಸ್ತುವಿನ ತಮ್ಮನನ್ನು ಮನೆಯಲ್ಲಿ ಮಲಗಿಸಿಕೊಂಡು ಸಾಕುತ್ತಿದ್ದೇವೆ ಅನಿಸುತ್ತಿತ್ತು.

ಇನ್ನೊಂದು ವಿಷಯ ಇತ್ತು. ಅದನ್ನು ನಾವಿಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಪೆಟ್ಟು ಬಿದ್ದ ಮೇಲೆ ಇವರು ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರು. ಗಾಳಿಗೆ ಕಿಟಕಿ ಪಟ್ಟೆಂದು ಬಡಿದರೆ, ಪಾತ್ರೆ ಬಿದ್ದರೆ, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕುಸಿದು ಕೂತುಬಿಡುತ್ತಿದ್ದರು. ಮರುಕ್ಷಣ ಎದ್ದು, ಏನೋ ಬಿದ್ದದ್ದನ್ನು ಹುಡುಕುವವರ ಹಾಗೆ ನೆಲ ನೋಡುತ್ತಿದ್ದರು. ನಾನು ಒಲೆಯ ಕಡೆ ತಿರುಗಿ ನೋಡಿಯೇ ಇಲ್ಲದವಳಂತೆ ಇರುತ್ತಿದ್ದೆ. ನನ್ನ ಪುಕ್ಕಲುತನ ಊರಿಗೆಲ್ಲ ಗೊತ್ತು. ಇವರದ್ದು ಹೊಸದು, ಇವರಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಖಾದರ್‌ಭಾಯ್ ಬೂಮಿಗೆ ಉಜ್ಜುಗೊರಡು ಹಿಡಿಯುತ್ತಾ ಇದ್ದಾಗ, ಇವರು ನೀರು ತರಲು ಹೊರಗೆ ಹೋಗಿದ್ದರು. ನಾನು ಧೈರ್ಯ ಮಾಡಿ ಕೇಳಿದೆ. "ಅಣ್ಣಾ, ನೀವಾದರೂ ಬ್ಯಾಡ ಅಂತ ಹೇಳ್ರಿ. ನಿಮ್ಮ ಮಾತು ಕೇಳತಾರ."

ಅವರು ಕೆಲಸ ನಿಲ್ಲಿಸಿದರು. "ಭಾಭಿ, ನಿಮಗೆ ಗೊತ್ತಿಲ್ಲ. ಖಾತೆಯಲ್ಲಿ, ನಾವು ಕೆಲಸ ಮಾಡೋ ಷೆಡ್ಡಲ್ಲಿ, ಮೇಲೆ ಕ್ರೇನ್ ಹೋಗುತ್ತಲ್ಲ, ಅದು ಬಂದ್ರೆ ಗುರು ಮೆಷಿನ್ನು ಬಿಟ್ಟು ಕೆಳಗೆ ಕೂತ್ಬಿಡ್ತಾನೆ. ಹುಡುಗ್ರು ನಗ್ತಾರೆ. ಮೊನ್ನೆ ಸಾಬ್ ಕೂಡ ನೋಡಿದ್ರು. ಹಿಂಗೇ ಆದ್ರೆ ಅವನನ್ನ ಖಾತೆಯಲ್ಲಿ ಎಷ್ಟು ದಿನ ಇಟ್ಕೊಳ್ತಾರೆ? ಒಂದ್ಸಲ, ಒಂದೇ ಸಲ ಬೂಮಿನ ಕೆಳಗೆ ಕೂತು ಹೋಗಿ ಬಂದ್ರೆ ಈ ಭಯ ಬಿಡುತ್ತೆ ಅಂತಾನೆ. ನಾನು ಏನಂತ ಬೇಡ ಅನ್ಲಿ?"

ಹೋದರೆ ಜೀವದ ಭಯ, ಹೋಗದಿದ್ದರೆ ಇವರು ಬಾಳೆಲ್ಲ ತಲೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಾರೆಂಬ ಭಯ. ಎರಡರಲ್ಲಿ ಯಾವುದು ದೊಡ್ಡದು ಎಂದು ತೂಗಲಾರದೆ, ಭಾದ್ರಪದವೆಲ್ಲ ನಾನು ಆ ಬೂಮಿನ ಚಾಕರಿ ಮಾಡಿದೆ. ಇವರ ಪಾಳಿ ಬದಲಾದಾಗ ವಾರ್ನಿಷ್ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಹಚ್ಚುವುದು, ಒಣಗಲು ಬಿಡುವುದು, ಮರಳುಕಾಗದದಿಂದ ಉಜ್ಜುವುದು, ಮತ್ತೆ ಹಚ್ಚುವುದು. ಮಳೆಯ ತೇವಕ್ಕೆ ಬೇಗ ಒಣಗುತ್ತಲೂ ಇರಲಿಲ್ಲ. ಆ ವಾಸನೆಗೆ ವಾಂತಿ ಬರುತ್ತಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡು, ಅಂಟಿಸಿದ ಜಾಗವನ್ನು ಉಗುರಿನಿಂದ ಕೆದಕಿ ಕೆದಕಿ ನೋಡುತ್ತಿದ್ದೆ. ಎಲ್ಲಾದರೂ ಬಿರುಕು ಕಂಡರೆ ಕೆಲಸ ನಿಲ್ಲುತ್ತದಲ್ಲ ಎಂಬ ಆಸೆಯೂ ಇತ್ತು, ಬಿರುಕು ಇದ್ದರೆ ಹೇಗಪ್ಪಾ ಎಂಬ ಹೆದರಿಕೆಯೂ ಇತ್ತು. ಬಿರುಕು ಇರಲಿಲ್ಲ. ಖಾದರ್‌ಭಾಯ್ ಕೆಲಸ ಅಷ್ಟು ಚೊಕ್ಕ.

ಬೂಮಿನ ಒಂದೊಂದು ಭಾಗವನ್ನೂ ಅದು ಏನು ಮಾಡುತ್ತದೆ, ಕೈಕೊಟ್ಟರೆ ಏನಾಗುತ್ತದೆ ಎಂದು ಇವರನ್ನು ಕೇಳಿ ಕೇಳಿ ತಿಳಿದುಕೊಂಡೆ. ಹೆದರುವವರಿಗೆ ಹೆದರಲು ವಿವರ ಬೇಕು. ಹಳೆಯ ಬೂಮಿನಿಂದ ಕಳಚಿದ ಹಿತ್ತಾಳೆಯ ಕೀಲು ಸವೆದಿತ್ತು. ಇವರು ಅದನ್ನು ಬಿಟ್ಟು ಹೊಸದೊಂದನ್ನು ಅರದಿಂದ ಉಜ್ಜಿ ಉಜ್ಜಿ ತಯಾರಿಸಿದರು. ಅದರ ತೂತಿನಲ್ಲಿ ಒಂದು ದಪ್ಪ ಪಿನ್ನು ಅಡ್ಡಕ್ಕೆ ಕೂರುತ್ತದೆ. ಆ ಪಿನ್ನು ಜಾರಿ ಹೊರಗೆ ಬರದಂತೆ, ಅದರ ತುದಿಯ ಸಣ್ಣ ತೂತಿಗೆ ಎರಡು ಕಾಲಿನ ತಂತಿ ತೂರಿಸಿ, ಕಾಲುಗಳನ್ನು ಇಕ್ಕಳದಿಂದ ಅಗಲಿಸಿ ಬಗ್ಗಿಸಬೇಕು.

"ಬಗ್ಗಿಸಲಿಲ್ಲಂದ್ರ?" ಎಂದು ಕೇಳಿದೆ.

"ತಂತಿ ಉದುರತೈತಿ, ಪಿನ್ನು ಜಾರತೈತಿ, ಬೂಮು ಕಂಬ ಬಿಟ್ಟು ಬರತೈತಿ" ಎಂದರು ಇವರು. "ಬಗ್ಗಿಸದ ಯಾರು ಬಿಡತಾರ, ಹುಚ್ಚಿ?"

ಆಯುಧಪೂಜೆಯ ದಿನ ಬೂಮನ್ನು ಕೆರೆಗೆ ಸಾಗಿಸಿದೆವು. ಎರಡು ಸೈಕಲ್ಲುಗಳ ನಡುವೆ ಅದನ್ನು ಕಟ್ಟಿ, ಇವರೊಂದು ಕಡೆ ಖಾದರ್‌ಭಾಯ್ ಒಂದು ಕಡೆ ತಳ್ಳಿಕೊಂಡು, ಗೆದ್ದಲಹಳ್ಳಿ, ಭೂಪಸಂದ್ರದ ಹೊಲಗಳ ನಡುವೆ ನಡೆದರು. ರಾಗಿ ತೆನೆ ಬಿಟ್ಟಿತ್ತು. ಹಿಂದೆ ನಾನು, ನನ್ನ ಹಿಂದೆ ಮುನಿಯಮ್ಮ. ಅವರು ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಬೂದುಗುಂಬಳ, ಬಾಳೆಕಂದು, ಸೇವಂತಿಗೆ ಹಾರ, ಅವರ ಮನೆದೇವರ ಜಾಗಟೆ, ಎಲ್ಲ ಹೊತ್ತು ತಂದಿದ್ದರು. ಬರಬೇಡಿ ಎಂದರೆ ಕೇಳುವ ಜನವಲ್ಲ. "ಒಸಾ ಗಳಕ್ಕೆ ಪೂಜೆ ಮಾಡ್ದೆ ನೀರಿಗಾಕ್ತಾರಾ?" ಎಂದು ಗದರಿಸಿದ್ದರು.

ಕಂಬಕ್ಕೆ ಬೂಮು ಸೇರಿಸುವ ಕೆಲಸ ಮುಗಿಯುವಷ್ಟರಲ್ಲಿ ಮುನಿಯಮ್ಮ ದೋಣಿಯ ಮುಂದೆ ಸಾರಿಸಿ ರಂಗೋಲಿ ಹಾಕಿಯಾಗಿತ್ತು. ಖಾದರ್‌ಭಾಯ್ ತಮ್ಮ ಉಜ್ಜುಗೊರಡು, ಉಳಿ, ಬೈರಿಗೆ, ಗರಗಸವನ್ನು ಒರೆಸಿ ಸಾಲಾಗಿ ಹಲಗೆಯ ಮೇಲಿಟ್ಟರು. ಕಾರ್ಖಾನೆಯಲ್ಲೂ ಪ್ರತಿವರ್ಷ ತಮ್ಮ ಸಾಮಾನಿಗೆ ಮೊದಲ ಹೂವು ಇಡುವವರು ಅವರೇ. ಇವರೂ ತಮ್ಮ ಸುತ್ತಿಗೆ, ಅರ, ಇಕ್ಕಳ ಇಟ್ಟು, ಎಲ್ಲಕ್ಕೂ ವಿಭೂತಿ ಗಂಧ ಬಳಿದು ಕುಂಕುಮ ಇಟ್ಟರು. ಕುಂಬಳಕಾಯಿ ಒಡೆದರು. ಮಂಗಳಾರತಿ ಆಯಿತು. ಆಮೇಲೆ ಕಂಬದ ಕಡೆ ನೋಡಿದ ಇವರು ನಾಲಿಗೆ ಕಚ್ಚಿಕೊಂಡರು. ತಂತಿ ತೂರಿಸಿದ್ದರು, ಕಾಲು ಬಗ್ಗಿಸಿರಲಿಲ್ಲ. ಇಕ್ಕಳ ಪೂಜೆಯಲ್ಲಿ ಕೂತಿತ್ತು.

ಖಂಡೇಪೂಜೆಗೆ ಇಟ್ಟ ಆಯುಧವನ್ನು ಮರುದಿನ ಮತ್ತೆ ಆರತಿ ಎತ್ತಿ ಕದಲಿಸುವ ತನಕ ಮುಟ್ಟುವಂತಿಲ್ಲ. ನಮ್ಮ ಊರಿನಲ್ಲಿ ಆ ದಿನ ಕುಡುಗೋಲಿಲ್ಲದೆ ದನಕ್ಕೆ ಕೈಯಿಂದಲೇ ಮೇವು ಕಿತ್ತು ಹಾಕುತ್ತಾರೆ. ಇವರು ಇಕ್ಕಳದ ಕಡೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ಖಾದರ್‌ಭಾಯ್ ಕೂಡ, "ಇರ್ಲಿ ಬಿಡು ಗುರು, ನಾಳೆ ಬೆಳಗ್ಗೆ ಮೊದಲ್ನೇ ಕೆಲಸ ಅದೇ" ಎಂದರು. ನಾಳೆಯವರೆಗೆ ದೋಣಿ ನೀರಿಗೆ ಇಳಿಯುವುದಿಲ್ಲವಲ್ಲ. ನನಗೂ ಸರಿ ಅನಿಸಿತು. ಅಷ್ಟರಲ್ಲಿ ಮುನಿಯಮ್ಮ ಉಳಿದ ಹಾರವನ್ನೆಲ್ಲ ತಂದು, ಬೂಮು ಕಂಬಕ್ಕೆ ಸೇರುವ ಜಾಗಕ್ಕೆ ಸುತ್ತಿ ಸುತ್ತಿ ಕಟ್ಟಿದರು. "ಆರ ಕತ್ತಿಗೇ ಆಕ್ಬೇಕು" ಎಂದರು. ಕೀಲು, ಪಿನ್ನು, ತಂತಿ ಎಲ್ಲವೂ ಹಳದಿ ಸೇವಂತಿಗೆಯೊಳಗೆ ಮುಚ್ಚಿಹೋದವು.

ಆ ರಾತ್ರಿ ಇವರಿಬ್ಬರೂ ಸಾಮಾನು ಕಾಯುತ್ತಾ ದೋಣಿಯ ಹತ್ತಿರವೇ ಮಲಗಿದರು. ವಿಜಯದಶಮಿಯ ಬೆಳಿಗ್ಗೆ ಗಾಳಿ ಹದವಾಗಿತ್ತು. ಜಾಗಟೆ ಸಮೇತ ಮತ್ತೆ ಬಂದ ಮುನಿಯಮ್ಮನ ಜೊತೆ ಆರತಿ ಎತ್ತಿ ಸಾಮಾನುಗಳನ್ನು ಕದಲಿಸಿದೆವು. ಊರಿನಿಂದ ಬಂದ ಬನ್ನಿ ಎಲೆಯನ್ನು ನಾನು ಇವರಿಗೂ ಖಾದರ್‌ಭಾಯ್‌ಗೂ ಕೊಟ್ಟೆ. "ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ" ಎಂದೆ. ಇವರು ಎಲೆಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಮುಖ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿದರೆ ಎಲ್ಲಿ ಕಾಲು ಹಿಂದೆ ಬಂದೀತೋ ಎಂದು ನೋಡಲೇ ಇಲ್ಲ.

"ಚಲೋ ಚಲೋ, ಗಾಳಿ ಬಿದ್ದೋಗೋಕ್ ಮುಂಚೆ" ಎಂದು ಖಾದರ್‌ಭಾಯ್ ದೋಣಿ ತಳ್ಳಿದರು. ಯಾರಿಗೂ ಹಾರ ಬಿಚ್ಚುವ ಯೋಚನೆಯೇ ಬರಲಿಲ್ಲ. ಹಬ್ಬದ ದಿನ ಪೂಜೆಯ ಹಾರವನ್ನು ಯಾರು ಬಿಚ್ಚುತ್ತಾರೆ? ಮೊದಲ ಕೆಲಸ ಎಂದದ್ದು ಹೂವಿನ ಅಡಿಯಲ್ಲಿ ಮರೆತುಹೋಗಿತ್ತು. ಹಾಯಿ ಏರಿತು. ಹೂವು ಮುಡಿದ ಶಹಜಾದಿ ದಡ ಬಿಟ್ಟಳು.

ನಾನು ನೋಡಲಾರದೆ ಕೆಳಗೆ ಕೂತು ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದೆ. ಸುತ್ತಿಗೆ ಹಾಕಿದೆ. ಅರ ಹಾಕಿದೆ. ಇಕ್ಕಳ ಕೈಗೆ ಬಂತು. ಅದರ ಎರಡು ಕಾಲು ಕೂಡುವ ಜಾಗದಲ್ಲಿ ಹಿಂದಿನ ದಿನ ಬಳಿದ ಗಂಧ ಒಣಗಿ ಹಪ್ಪಳಗಟ್ಟಿತ್ತು. ಅದರ ಮೇಲೆ ಕುಂಕುಮ ದುಂಡಗೆ ಕೂತಿತ್ತು. ಎಲ್ಲೂ ಒಂದು ಬಿರುಕಿಲ್ಲ. ಒಂದು ಸಲ ಬಾಯಿ ತೆರೆದಿದ್ದರೂ ಆ ಗಂಧ ಉದುರಬೇಕಿತ್ತು.

ಈ ಇಕ್ಕಳವನ್ನು ಇವತ್ತು ಯಾರೂ ಬಳಸಿಲ್ಲ. ತಂತಿ ಬಗ್ಗಿಸಿಲ್ಲ.

ತಲೆಯೆತ್ತಿದರೆ ದೋಣಿ ಆಗಲೇ ದೂರ ಹೋಗಿತ್ತು. ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಏರಿಯ ಮೇಲೆ ಓಡಿದೆ. "ಏನ್ರೀ! ಪಿನ್ನು! ಪಿನ್ನು!" ಎಂದು ಕಿರುಚಿದೆ. ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕುತ್ತಿತ್ತು. ಇವರು ಕೂತದ್ದು ಎಡಗಿವಿ ದಡದ ಕಡೆಗೆ ಮಾಡಿ. ಆ ಕಿವಿಗೆ ಸಿಡಿಲು ಹೊಡೆದರೂ ಕೇಳದು. ಮುನಿಯಮ್ಮನಿಗೆ ಹೇಗೆ ತಿಳಿಸಿದೆನೋ ಗೊತ್ತಿಲ್ಲ, ಅವರು ಜಾಗಟೆ ಎತ್ತಿಕೊಂಡು ಬಾರಿಸಿದ್ದೇ ಬಾರಿಸಿದ್ದು. ಅದು ಖಾದರ್‌ಭಾಯ್‌ಗೆ ಕೇಳಿಸಿತು. ಅವರು ಎದ್ದು ನಿಂತು, ಹೆಗಲ ಮೇಲಿನ ಟವೆಲ್ ತೆಗೆದು, ಮೆರವಣಿಗೆಯಲ್ಲಿ ಬೀಸುವವರ ಹಾಗೆ ನಮ್ಮ ಕಡೆ ಬೀಸಿದರು.

ಡಾಕ್ಟರ ಮಾತು ಕಿವಿಯಲ್ಲಿ ಕುಣಿಯಿತು. ಇನ್ನೊಂದು ಪೆಟ್ಟು. ಅಷ್ಟರಲ್ಲಿ ದೋಣಿ ಕೆರೆಯ ನಡುವೆ ಮೂತಿ ತಿರುಗಿಸಿತು. ಈಗ ಇವರ ಮುಖ ನಮ್ಮ ಕಡೆಗೆ. ಕಾಣುತ್ತದೆ, ಕೇಳುವುದಿಲ್ಲ. ಪಿನ್ನು ಎಂದು ಕೈಸನ್ನೆಯಲ್ಲಿ ಹೇಗೆ ಹೇಳುವುದು?

ಏರಿಯ ನಡುಮಧ್ಯೆ ನಿಂತು, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು, ಕುಕ್ಕರುಗಾಲಲ್ಲಿ ಕುಸಿದು ಕೂತೆ. ಎದ್ದೆ. ಮತ್ತೆ ಕೂತೆ. ಮತ್ತೆ ಎದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನನಗೆ ದೇವರು ಬಂತೆಂದು ಕೈ ಮುಗಿದರಂತೆ. ಆ ಮಳೆಗಾಲವೆಲ್ಲ ಇವರು ಅಡುಗೆಮನೆಯಲ್ಲಿ, ಕೋಣೆಯಲ್ಲಿ ನನ್ನ ಬೆನ್ನ ಹಿಂದೆ ಕೂತದ್ದು ಹಾಗೆಯೇ. ನಾನು ನೋಡಿಲ್ಲ ಎಂದು ನಟಿಸಿದ್ದನ್ನು ಆವತ್ತು ಹೆಬ್ಬಾಳ ಕೆರೆಯ ಏರಿಯ ಮೇಲೆ, ಹಾಡುಹಗಲು, ಇವರಿಗೆ ಮಾಡಿ ತೋರಿಸಿದೆ.

ಇವರು ನೋಡಿದರು. ಒಂದು ಕ್ಷಣ ಕಲ್ಲಾಗಿ ಕೂತಿದ್ದರು. ಆಮೇಲೆ ಎರಡೂ ಕೈ ತಲೆಗೆ ಹೋದವು. ಕುಸಿಯುವ ಮುಂಚೆ ಖಾದರ್‌ಭಾಯ್ ಅವರ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದು ಅವರನ್ನೂ ಎಳೆದುಕೊಂಡೇ ಕುಸಿದರು. ಅಷ್ಟರಲ್ಲಿ ಕಂಬದ ಹತ್ತಿರ ಹಳದಿ ಹೂವು ಚೆಲ್ಲಿದ್ದು ಕಂಡಿತು. ಬೂಮು ಕಂಬ ಬಿಟ್ಟು ಹಾರಿ, ಹಾಯಿಯ ಜೊತೆ ಜೋತಾಡುತ್ತಾ, ದೋಣಿಯ ಮೇಲೆ ಆ ಬದಿಯಿಂದ ಈ ಬದಿಗೆ ಎಗರಿತು. ಅವರಿಬ್ಬರ ತಲೆ ಇದ್ದ ಜಾಗದಲ್ಲಿ ಬರೀ ಗಾಳಿ ಇತ್ತು.

ಅಲ್ಲಿಂದ ನನಗೆ ನೆನಪು ಸರಿಯಾಗಿಲ್ಲ. ಮುನಿಯಮ್ಮ ನನ್ನನ್ನು ತಬ್ಬಿ ಹಿಡಿದಿದ್ದರು. ಹಾಯಿ ಇಳಿಸಿ, ಹುಟ್ಟು ಹಾಕುತ್ತಾ ಅವರು ದಡಕ್ಕೆ ಬಂದಾಗ ಖಾದರ್‌ಭಾಯ್ ಮುಖದಲ್ಲಿ ರಕ್ತವೇ ಇರಲಿಲ್ಲ. "ಯಾ ಅಲ್ಲಾ, ಭಾಭಿ, ನಾನು ಬ್ಯಾಂಡು ಅಂದ್ಕೊಂಡು ಟವೆಲ್ ಬೀಸಿದ್ನಲ್ಲಾ" ಎಂದು ಎದೆ ಹಿಡಿದುಕೊಂಡು ಕೂತರು. ಇವರು ದೋಣಿಯ ತಳದಲ್ಲಿ ಹೂವಿನ ನಡುವೆ ತಡಕಾಡಿ ದಪ್ಪ ಪಿನ್ನನ್ನು ಹುಡುಕಿ ತಂದರು. ತಂತಿ ನೀರು ಪಾಲಾಗಿತ್ತು. ನನ್ನ ಎದುರು ನಿಂತು, ತಲೆ ತಗ್ಗಿಸಿ, "ನೀ ನೋಡತಿದ್ದೆ ಏನು, ಮನ್ಯಾಗ?" ಎಂದರು.

"ನೋಡದ ಹ್ಯಾಂಗ ಇರಲಿ? ನಾ ಅಂಜತೇನಿ, ನೀವೂ ಅಂಜ್ರಿ. ಅದರಾಗ ಏನೈತಿ?" ಎಂದೆ. ಹೇಳುತ್ತಾ ಅಳು ಬಂತು. ಇವರೂ ಅತ್ತರು. ಮುನಿಯಮ್ಮ, "ಅಬ್ಬದ್ ದಿನ ಅಳ್ಬಾರ್ದು ಕಣ್ರೋ" ಎಂದು ತಾವೂ ಸೆರಗಿನಿಂದ ಮೂಗು ಒರೆಸಿಕೊಂಡರು.

ಸ್ವಲ್ಪ ಹೊತ್ತಿಗೆ ಇವರ ಕಣ್ಣು ಮತ್ತೆ ನೀರಿನ ಕಡೆ ಹೋಯಿತು. ಏನೂ ಕೇಳಲಿಲ್ಲ. ಕೇಳಿದ್ದರೆ ಬ್ಯಾಡ ಎನ್ನುತ್ತಿದ್ದೆ. ಕೇಳದೆ ನಿಂತ ಆ ನಿಲುವನ್ನು ನೋಡಿ, ಇಲ್ಲಿಂದ ಹೀಗೇ ಮನೆಗೆ ಹೋದರೆ ಇವರು ಮತ್ತೆ ಎದ್ದು ನಿಲ್ಲುವುದಿಲ್ಲ ಎಂದು ನನಗೆ ಅನಿಸಿತು. ಇಕ್ಕಳ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ದೋಣಿಯ ಹತ್ತಿರ ಹೋದೆ. ಇವರು ಬೂಮನ್ನು ಕಂಬಕ್ಕೆ ಹಿಡಿದು ಪಿನ್ನು ತೂರಿಸಿದರು. ನಾನು ತುರುಬಿನಿಂದ ಹೇರ್‌ಪಿನ್ನು ಕಿತ್ತು ಅದರ ತೂತಿಗೆ ತೂರಿಸಿ, ಇಕ್ಕಳದ ಬಾಯಿ ತೆರೆದೆ. ಒಣಗಿದ ಗಂಧ ಚಟ್ಟೆಂದು ಒಡೆದು ಉದುರಿತು, ಕುಂಕುಮ ಬೆರಳಿಗೆ ಹತ್ತಿತು. ಎರಡು ಕಾಲನ್ನೂ ಅಗಲಿಸಿ, ಬಗ್ಗಿಸಿ, ಮತ್ತೊಮ್ಮೆ ಬಗ್ಗಿಸಿ, ಎಳೆದು ನೋಡಿದೆ.

"ಹೋಗಿ ಬರ್ರಿ" ಎಂದೆ.

ಒಂದು ಸುತ್ತು ಹಾಕಿ ಬಂದರು. ಬೂಮು ಆ ಕಡೆ ಈ ಕಡೆ ತಿರುಗುವಾಗಲೆಲ್ಲ ಇವರು ಹದವಾಗಿ ತಲೆ ತಗ್ಗಿಸಿ ಮತ್ತೆ ಎತ್ತುತ್ತಿದ್ದದ್ದು ದಡಕ್ಕೆ ಕಾಣುತ್ತಿತ್ತು. ಆ ಸುತ್ತು ಮುಗಿದು ದೋಣಿ ದಡಕ್ಕೆ ತಾಗುವ ತನಕ ನಾನು ತಲೆಯ ಮೇಲಿನ ಕೈ ಇಳಿಸಲಿಲ್ಲ.

ಕಾರ್ಖಾನೆಯಲ್ಲಿ ಕ್ರೇನ್ ಬಂದರೆ ಬೆಚ್ಚಿ ಬೀಳುವುದು ಒಮ್ಮೆಗೇ ನಿಲ್ಲಲಿಲ್ಲ, ಆದರೆ ಕಡಿಮೆಯಾಯಿತು. ಇವರು ಅದನ್ನು ಮುಚ್ಚಿಡುವುದನ್ನೂ ಬಿಟ್ಟರು. ಚಳಿಗಾಲದಲ್ಲಿ ಮಗಳು ಹುಟ್ಟಿದಳು. ಶಹಜಾದಿ ಇನ್ನೂ ಕೆಲವು ವರ್ಷ ತೇಲಿ, ಕೆರೆಗೆ ಅಂತರಗಂಗೆಯ ಕಳೆ ತುಂಬಿಕೊಂಡ ಮೇಲೆ ಹೊಂಗೆ ಮರದ ಕೆಳಗೇ ಲಡ್ಡಾದಳು. ಬೂಮು ಮಾತ್ರ ಖಾದರ್‌ಭಾಯ್ ಬಿಡಿಸಿ ತಂದುಕೊಟ್ಟರು. ಈಗ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಗಳು ಅದೇ. ಅಂಟಿಸಿದ ಜಾಗ ಇವತ್ತಿಗೂ ಬಿಟ್ಟಿಲ್ಲ.

ಮೊನ್ನೆಯೂ ಆಯುಧಪೂಜೆ ಮಾಡಿದೆವು. ಇವರು ಸ್ಕ್ರೂಡ್ರೈವರು, ಸುತ್ತಿಗೆ, ನನ್ನ ಈಳಿಗೆಮಣೆ, ಮಗಳ ಕಾರಿನ ಕೀಲಿಕೈ ಎಲ್ಲ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ಎದುರು ಬಾಗಿಲಿನ ವಾರ್ನಿಷ್ ವಾಸನೆ ಒಳಗೆಲ್ಲ ತುಂಬಿತ್ತು. ಪ್ರತಿವರ್ಷ ಕೇಳುವ ಹಾಗೆ ಈ ವರ್ಷವೂ ಕೇಳಿದರು.

"ಇಕ್ಕಳ ಎಲ್ಲೈತಿ?"

ಇವರ ಬಲಗಿವಿಯ ಕಡೆ ಹೋಗಿ ಹೇಳಿದೆ, "ನನ್ನ ಕೈಯಾಗ ಐತಿ. ಅದಕ್ಕ ಪೂಜಿ ಬ್ಯಾಡ."